ಊರ ಬೀಗಕ್ಕೆ ಎಣ್ಣೆ ಹಾಕುವವರು

ಶಿವಮೊಗ್ಗೆಗೂ ಒಂದು ಹೊಸಮನೆ ಉಂಟು, ಭದ್ರಾವತಿಗೂ ಒಂದು ಹೊಸಮನೆ ಉಂಟು. ನೆಂಟರಿಗೆ ವಿಳಾಸ ಹೇಳುವಾಗ ಊರಿನ ಹೆಸರು ಬಿಟ್ಟುಹೋದರೆ ಅವರು ಸುಮಾರು 20 ಕಿಲೋಮೀಟರು ಆಚೆ ಇಳಿದು ಯಾರದೋ ಮನೆಯ ಬಾಗಿಲು ತಟ್ಟುವ ಸಂಭವವಿದೆ. ಹೆಸರು ಹೊಸಮನೆಯಾದ ಮಾತ್ರಕ್ಕೆ ಮನೆ ಹಳತಾಗದೆ ಇರುತ್ತದೆಯೆ? ಮಲೆನಾಡಿನ ಸೆರಗಿನಲ್ಲಿರುವ ಈ ಊರುಗಳಲ್ಲಿ ಹೆಂಚಿನ ಮನೆಯುಳ್ಳವರು ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲೇಬೇಕು. ಮೇ ತಿಂಗಳು ಮುಗಿಯುವುದರೊಳಗೆ ಒಬ್ಬ ಆಳು ಮಾಡಿನ ಮೇಲೇರಿ, ಒಡೆದ ಹೆಂಚನ್ನು ತೆಗೆದು, ಜಾರಿದ ಹೆಂಚನ್ನು ಕೂರಿಸಿ, ಸಂದಿನಲ್ಲಿ ಸೇರಿಕೊಂಡ ಕಸವನ್ನು ಗುಡಿಸಿ ಇಳಿಯುತ್ತಾನೆ. ಜೂನಿನಲ್ಲಿ ಮಳೆ ಹಿಡಿದಾಗ ಮನೆ ಸೋರದಿದ್ದರೆ ಅವನ ನೆನಪು ಯಾರಿಗೂ ಬರುವುದಿಲ್ಲ. ಸೋರಿದರೆ ಮಾತ್ರ ಮನೆಮಂದಿಯೆಲ್ಲ ಅವನ ಹೆಸರನ್ನು ಹಿಡಿದು ಕೂಗುತ್ತಾರೆ. ಗೃಹಪ್ರವೇಶಕ್ಕೆ ಊಟ ಹಾಕಿಸುವವರುಂಟು. ಹೆಂಚು ಕೈಯಾಡಿಸಿದ್ದಕ್ಕೆ ಊಟ ಹಾಕಿಸಿದವರನ್ನು ನಾನಂತೂ ಕಂಡಿಲ್ಲ.

ಈ ವಾರ ವಾಚಕರ ಮುಂದೆ ಇಡಬೇಕೆಂದಿರುವುದು ಇಂಥದೇ ಒಂದು ಕೆಲಸದ ವಿಚಾರ. ಆದರೆ ಈ ಮಾಡು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೇರಿ ಹೆಂಚು ಸರಿಪಡಿಸುವವರು ಜರ್ಮನಿಯಲ್ಲೋ ಫಿನ್ಲೆಂಡಿನಲ್ಲೋ ತಮ್ಮ ಮನೆಯ ಕೋಣೆಯಲ್ಲಿ ಕುಳಿತಿರುತ್ತಾರೆ. ಅದರ ಕೆಳಗೆ ನಿಶ್ಚಿಂತೆಯಿಂದ ಮಲಗಿರುವವರಲ್ಲಿ ನಾವೂ ಸೇರಿದ್ದೇವೆ.

ಹೊಸಮನೆಯ ಗೃಹಿಣಿಯೊಬ್ಬರು ಸಂಜೆ ತರಕಾರಿ ಗಾಡಿಯ ಮುಂದೆ ನಿಂತು ಎರಡು ಕಟ್ಟು ಸೊಪ್ಪು ಕೊಳ್ಳುತ್ತಾರೆ. ಚಿಲ್ಲರೆಯ ಮಾತು ಈಗ ಇಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಗಾಡಿಗೆ ಅಂಟಿಸಿದ ಕ್ಯೂಆರ್ ಚೀಟಿಯ ಮುಂದೆ ಫೋನು ಹಿಡಿದರೆ ಕೆಲಸ ಮುಗಿಯಿತು. ಆ ಕ್ಷಣದಲ್ಲಿ ಒಂದು ಸಂದೇಶ ಫೋನಿನಿಂದ ಹೊರಟು, ಎಷ್ಟೋ ಕೈಗಳನ್ನು ದಾಟಿ ಬ್ಯಾಂಕಿನ ಯಂತ್ರವನ್ನು ಮುಟ್ಟುತ್ತದೆ. ಸಂದೇಶ ಬರಿಯ ಅಂಚೆ ಕಾರ್ಡಾಗಿದ್ದಿದ್ದರೆ ದಾರಿಯಲ್ಲಿ ಕುಳಿತ ಯಾರು ಬೇಕಾದರೂ ಅದನ್ನು ಓದಬಹುದಾಗಿತ್ತು, ತಿದ್ದಲೂಬಹುದಾಗಿತ್ತು. ಹಾಗಾಗದಿರುವುದಕ್ಕೆ ಕಾರಣ, ಹೊರಡುವ ಮುನ್ನವೇ ಅದು ಗೂಢಲಿಪಿಯಾಗಿ ಮಾರ್ಪಟ್ಟಿರುತ್ತದೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ಹೋಗಿ ಬರುತ್ತದೆ ಎನ್ನಿ. ಗೂಢಲಿಪಿ ನಮ್ಮವರಿಗೆ ಹೊಸದೇನೂ ಅಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ‘ಮ್ಲೇಚ್ಛಿತವಿಕಲ್ಪ’ ಎಂಬ ಗುಪ್ತಬರಹದ ಕಲೆಯೂ ಒಂದು. ಅಂದು ಅದು ರಸಿಕರ ವಿದ್ಯೆ. ಇಂದು ಸೊಪ್ಪು ಕೊಳ್ಳುವುದಕ್ಕೂ ಅದೇ ಬೇಕು!

ಈ ಬೀಗವನ್ನು ಯಾರು ಮಾಡಿದರು? ಬ್ಯಾಂಕಿನವರೆ? ಸರ್ಕಾರದವರೆ? ಇಲ್ಲ. ಲೋಕದ ಜಾಲತಾಣಗಳೂ ಸರ್ವರುಗಳೂ ಬಳಸುವ ಇಂಥ ಬೀಗಗಳಲ್ಲಿ ಬಹುಪಾಲು ಮುಕ್ತ ತಂತ್ರಾಂಶಗಳು. ಅಂದರೆ ಅವುಗಳ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದಿ ಕಳಿಸಬಹುದು, ಕಾಸು ಕೊಡಬೇಕಾಗಿಲ್ಲ. ಅವುಗಳಲ್ಲಿ ಅತ್ಯಂತ ಹೆಸರಾದದ್ದು ಓಪನ್ ಎಸ್‌ಎಸ್‌ಎಲ್ ಎಂಬುದು. ಅದು ಆ ಹೆಸರಿನಲ್ಲಿ 1998ರಿಂದ ನಡೆದುಬಂದಿದೆ.

ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ಕೆಲಸ ನೋಡಿಕೊಂಡಿದ್ದು ನಿವೃತ್ತರಾಗಿ, ಅಲ್ಲಿಯ ಹೊಸಮನೆಯಲ್ಲೇ ನೆಲೆಸಿರುವ ಹಿರಿಯರೊಬ್ಬರು ನನ್ನ ಸ್ನೇಹಿತರು. ಅವರಿಗೆ ಈ ಸಂಗತಿಯನ್ನು ಹೇಳಿದಾಗ ಒಂದು ಕ್ಷಣ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಅಲ್ಲ ಸ್ವಾಮಿ, ಬೀಗದ ನಕ್ಷೆಯನ್ನು ಊರಿಗೆಲ್ಲ ಹಂಚಿಬಿಟ್ಟು ಬೀಗ ಭದ್ರವಾಗಿದೆ ಎಂದರೆ ಅದು ಯಾವ ನ್ಯಾಯ? ಕಳ್ಳನೂ ನಕ್ಷೆ ಓದುತ್ತಾನಲ್ಲ!”

“ರಾಯರೇ, ನಿಮ್ಮ ಕಾಲದಲ್ಲಿ ಎರಕ ಹೊಯ್ದದ್ದನ್ನು ಹಾಗೆಯೇ ಕಳಿಸುತ್ತಿದ್ದಿರೋ, ಪರೀಕ್ಷೆ ಮಾಡಿಸಿ ಕಳಿಸುತ್ತಿದ್ದಿರೋ?”

“ಪರೀಕ್ಷೆಯಿಲ್ಲದೆ ಹೇಗೆ ಕಳಿಸುವುದು? ಒಳಗೆ ಗಾಳಿಗುಳ್ಳೆ ನಿಂತಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.”

“ಮಾಡಿದವನೇ ಪರೀಕ್ಷೆ ಮಾಡಿದರೆ ಸಾಕೆ?”

“ಸಾಲದು. ತನ್ನ ಎರಕದ ಗುಳ್ಳೆ ತನಗೆ ಕಾಣದು,” ಎಂದು ನಕ್ಕರು.

ನ್ಯಾಯ ಇಷ್ಟೇ. 1883ರಲ್ಲಿ ಪ್ಯಾರಿಸಿನಲ್ಲಿ ಜರ್ಮನ್ ಭಾಷೆ ಕಲಿಸುತ್ತಿದ್ದ ಆಗಸ್ಟ್ ಕರ್ಕ್‌ಹಾಫ್ಸ್ ಎಂಬ ಪಂಡಿತರು ಸೇನೆಯ ಗೂಢಲಿಪಿಯನ್ನು ಕುರಿತು ಬರೆಯುತ್ತ ಒಂದು ತತ್ವವನ್ನು ಹೇಳಿದರು. ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಕೇಡಾಗಬಾರದು. ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ರಚನೆಯೇ ಗುಟ್ಟೆಂದು ನೆಚ್ಚಿಕೊಂಡವನು ಅದು ಹೊರಬಿದ್ದ ದಿನ ಎಲ್ಲ ಬೀಗಗಳನ್ನೂ ಬದಲಿಸಬೇಕಾಗುತ್ತದೆ. ರಚನೆಯನ್ನು ಬಯಲಿಗಿಟ್ಟು ಲೋಕದ ಜಾಣರಿಗೆಲ್ಲ ‘ಒಡೆದು ನೋಡಿ’ ಎಂದು ಸವಾಲು ಹಾಕಿ, ಅವರಿಂದಲೂ ಒಡೆಯಲಾಗದೆ ಉಳಿದದ್ದೇ ನಂಬತಕ್ಕ ಬೀಗ. ರಾಯರು ಇದನ್ನು ಒಪ್ಪಿಕೊಂಡರು. ಆದರೆ ಅವರ ಮುಂದಿನ ಪ್ರಶ್ನೆ ಇನ್ನೂ ಹರಿತವಾಗಿತ್ತು: “ಎಲ್ಲರೂ ನೋಡಬಹುದು, ಸರಿ. ನೋಡುತ್ತಾರೆಯೆ?”

ಹಾಲಿನ ಕೊಳದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ರಾತ್ರಿ ಮನೆಗೊಂದು ತಂಬಿಗೆ ಹಾಲು ತಂದು ಕೊಳಕ್ಕೆ ಸುರಿಯಬೇಕೆಂದು ರಾಜಾಜ್ಞೆಯಾಯಿತು. ಊರೆಲ್ಲ ಹಾಲು ಸುರಿಯುವಾಗ ತನ್ನದೊಂದು ತಂಬಿಗೆ ನೀರು ಯಾರ ಲೆಕ್ಕಕ್ಕೆ ಎಂದು ಪ್ರತಿಯೊಬ್ಬನೂ ಎಣಿಸಿದ. ಬೆಳಗಾದಾಗ ಕೊಳದಲ್ಲಿ ಬರಿಯ ನೀರು. ಓಪನ್ ಎಸ್‌ಎಸ್‌ಎಲ್‌ನ ವಿಷಯದಲ್ಲಿ ಲೋಕ ಮಾಡಿದ್ದೂ ಇದನ್ನೇ. ಅದರೊಳಗಿನ ಬರವಣಿಗೆ ಎಲ್ಲರ ಕಣ್ಣಮುಂದೆ ಇತ್ತು. ಆದ್ದರಿಂದ ಇನ್ನಾರೋ ಓದಿರುತ್ತಾರೆಂದು ಎಲ್ಲರೂ ನಂಬಿದರು.

2011ರ ಕೊನೆಯ ದಿನ, ಡಿಸೆಂಬರ್ 31ರ ನಡುರಾತ್ರಿಯ ಹೊತ್ತಿಗೆ, ಈ ತಂತ್ರಾಂಶಕ್ಕೆ ಒಂದು ಹೊಸ ಅನುಕೂಲವನ್ನು ಸೇರಿಸಲಾಯಿತು. ಎರಡು ಯಂತ್ರಗಳು ಮಾತನಾಡುತ್ತಿರುವಾಗ ನಡುವೆ ಮೌನವಾದರೆ ‘ಇದ್ದೀಯಾ?’ ಎಂದು ಒಂದು ಕೇಳುವುದು, ‘ಇದ್ದೇನೆ’ ಎಂದು ಇನ್ನೊಂದು ಹೇಳುವುದು. ಇಷ್ಟೇ ಅದರ ಕೆಲಸ. ಹೃದಯದ ಬಡಿತ ಎಂದು ಅದಕ್ಕೆ ಹೆಸರು. ಬರೆದವರು ಜರ್ಮನಿಯ ಒಬ್ಬ ಸಂಶೋಧನ ವಿದ್ಯಾರ್ಥಿ. ನೋಡಿ ಒಪ್ಪಿದವರು ತಂಡದ ಹಿರಿಯರೊಬ್ಬರು. ಇಬ್ಬರಿಗೂ ಒಂದು ಸಣ್ಣ ಕೊರತೆ ಕಾಣದೆ ಹೋಯಿತು. 2012ರ ಮಾರ್ಚಿಯಲ್ಲಿ ಅದು ಲೋಕಕ್ಕೆಲ್ಲ ಹಂಚಿಕೆಯಾಯಿತು.

ಕೊರತೆ ಏನೆಂಬುದನ್ನು ಮನೆಮಾತಿನಲ್ಲಿ ಹೇಳಬಹುದು. ಬ್ಯಾಂಕಿನ ಕಿಟಕಿಯ ಹಿಂದೆ ಒಬ್ಬ ಗುಮಾಸ್ತರಿದ್ದಾರೆ. ನೀವು ಒಂದು ಚೀಟಿ ಕೊಟ್ಟು, “ಇದರಲ್ಲಿ ನಾಲ್ಕು ಅಕ್ಷರ ಬರೆದಿದ್ದೇನೆ, ಹಾಗೆಯೇ ಓದಿ ಹೇಳಿ, ನೀವು ಎಚ್ಚರವಾಗಿದ್ದೀರೆಂದು ತಿಳಿದುಕೊಳ್ಳುತ್ತೇನೆ” ಎನ್ನುತ್ತೀರಿ. ಅವರು ಓದಿ ಹೇಳುತ್ತಾರೆ. ಸರಿಯೇ. ಈಗ ಒಬ್ಬ ಕಪಟಿ ಬಂದು ಅದೇ ನಾಲ್ಕಕ್ಷರದ ಚೀಟಿಯನ್ನು ಕೊಟ್ಟು, “ಇದರಲ್ಲಿ ಅರುವತ್ತುನಾಲ್ಕು ಸಾವಿರ ಅಕ್ಷರವಿದೆ, ಓದಿ” ಎನ್ನುತ್ತಾನೆ. ಗುಮಾಸ್ತರು ಎಣಿಸಿ ನೋಡುವುದಿಲ್ಲ. ಚೀಟಿಯ ನಾಲ್ಕಕ್ಷರ ಓದಿ ಮುಗಿಸಿ, ಲೆಕ್ಕ ತುಂಬುವವರೆಗೆ ಮೇಜಿನ ಮೇಲೆ ಪಕ್ಕದಲ್ಲಿ ಏನು ಬಿದ್ದಿದೆಯೋ ಅದನ್ನೆಲ್ಲ ಓದುತ್ತ ಹೋಗುತ್ತಾರೆ. ಅಲ್ಲಿ ಯಾರದೋ ಪಾಸ್‌ಬುಕ್ಕು, ಯಾರದೋ ಗುಪ್ತಪದ, ಕೆಲವೊಮ್ಮೆ ತಿಜೋರಿಯ ಕೀಲಿಯ ಅಚ್ಚೇ ಇರಬಹುದು. ಕಪಟಿ ಎಲ್ಲವನ್ನೂ ಬರೆದುಕೊಂಡು ನಮಸ್ಕಾರ ಹೇಳಿ ಹೋಗುತ್ತಾನೆ. ಕಳುವಾದ ಗುರುತೇ ಉಳಿಯುವುದಿಲ್ಲ.

ಎರಡು ವರ್ಷಕ್ಕೂ ಮೇಲ್ಪಟ್ಟು ಇದು ಹೀಗೆಯೇ ಇತ್ತು. 2014ರಲ್ಲಿ ಗೂಗಲ್ ಸಂಸ್ಥೆಯ ನೀಲ್ ಮೆಹ್ತಾ ಅವರೂ, ಫಿನ್ಲೆಂಡಿನ ಕೋಡ್‌ನಾಮಿಕಾನ್ ಎಂಬ ಸಂಸ್ಥೆಯವರೂ ಒಬ್ಬರಿಗೊಬ್ಬರು ತಿಳಿಯದಂತೆ ಇದನ್ನು ಕಂಡುಹಿಡಿದರು. ಏಪ್ರಿಲ್ 7ರಂದು ಸುದ್ದಿ ಬಯಲಾಯಿತು. ‘ಹಾರ್ಟ್‌ಬ್ಲೀಡ್’ ಎಂದು ಇದಕ್ಕೆ ಹೆಸರಾಯಿತು. ಅಂದು ಭದ್ರವೆಂದು ಎಣಿಸಿದ್ದ ಜಾಲತಾಣಗಳಲ್ಲಿ ಸುಮಾರು ಐದು ಲಕ್ಷ ಈ ದೋಷಕ್ಕೆ ತೆರೆದುಕೊಂಡಿದ್ದವೆಂದು ಅಂದಾಜು. ಕೆನಡಾ ದೇಶದ ತೆರಿಗೆ ಇಲಾಖೆಯಿಂದ ಸುಮಾರು 900 ಮಂದಿಯ ಗುರುತಿನ ಸಂಖ್ಯೆಗಳು ಕಳುವಾದವು. ದುರಸ್ತಿಯೋ, ಬಹಳ ಚಿಕ್ಕದು: ಚೀಟಿಯಲ್ಲಿ ನಿಜವಾಗಿ ಎಷ್ಟು ಅಕ್ಷರವಿದೆಯೆಂದು ಎಣಿಸು, ಹೇಳಿದ್ದಕ್ಕಿಂತ ಕಡಮೆಯಿದ್ದರೆ ಉತ್ತರ ಕೊಡಬೇಡ. ಕೆಲವೇ ಸಾಲು.

ಲೋಕ ಬೆಚ್ಚಿದ್ದು ದೋಷಕ್ಕಿಂತ ಹೆಚ್ಚಾಗಿ ಆಮೇಲೆ ತಿಳಿದುಬಂದ ಲೆಕ್ಕಪತ್ರದಿಂದ. ಕೋಟ್ಯಂತರ ವ್ಯವಹಾರಗಳನ್ನು ಕಾಯುತ್ತಿದ್ದ ಈ ಬೀಗಕ್ಕೆ ಪೂರ್ಣಾವಧಿಯ ಕೆಲಸಗಾರರಾಗಿ ಇದ್ದವರು ಒಬ್ಬರು, ಇಂಗ್ಲೆಂಡಿನ ಸ್ಟೀಫನ್ ಹೆನ್ಸನ್. ಉಳಿದವರು ಬಿಡುವಿನಲ್ಲಿ ದುಡಿಯುವ ಬೆರಳೆಣಿಕೆಯ ಮಂದಿ. ಲೋಕವೆಲ್ಲ ಸೇರಿ ಸಂಸ್ಥೆಗೆ ಕೊಡುತ್ತಿದ್ದ ದಾನ ವರ್ಷಕ್ಕೆ ಸುಮಾರು 2,000 ಡಾಲರು. ಅಂದಿನ ಲೆಕ್ಕದಲ್ಲಿ ಹೆಚ್ಚುಕಡಮೆ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ. ನಮ್ಮಲ್ಲಿ ಒಂದು ಬೀದಿಯ ಗಣೇಶೋತ್ಸವದ ಚಂದಾ ಇದಕ್ಕಿಂತ ಹೆಚ್ಚು ಕೂಡುವುದುಂಟು! ಆ ಬೀಗವನ್ನು ನೆಚ್ಚಿ ಕೋಟ್ಯಧಿಪತಿಗಳಾದ ಸಂಸ್ಥೆಗಳು ಆಮೇಲೆ ನಾಚಿಕೊಂಡು, ಅದೇ ಏಪ್ರಿಲ್ ತಿಂಗಳು ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಕೂಡಿ ಹಣ ಕೊಡಲೊಪ್ಪಿದವು. ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮನೆ ಸೋರಿದ ಮೇಲೆ ಹೆಂಚಿನವನನ್ನು ಹುಡುಕಿದಂತಾಯಿತು.

ಜರ್ಮನಿಯ ವರ್ನರ್ ಕಾಕ್ ಅವರ ಕಥೆಯೂ ಇದೇ ಜಾತಿಯದು. ಮಿಂಚಂಚೆಯನ್ನು ಗೂಢಲಿಪಿಗೆ ತಿರುಗಿಸುವ ಜಿಎನ್‌ಯು ಪ್ರೈವೆಸಿ ಗಾರ್ಡ್ ಎಂಬ ತಂತ್ರಾಂಶವನ್ನು ಅವರು 1997ರಲ್ಲಿ ಕೈಗೆತ್ತಿಕೊಂಡು, ಬಹುಕಾಲ ಒಬ್ಬರೇ ನಡೆಸಿಕೊಂಡು ಬಂದರು. 2013ರಲ್ಲಿ ಇನ್ನು ಸಾಕೆಂದು ಬಿಟ್ಟುಬಿಡುವ ಹಂತಕ್ಕೂ ಬಂದಿದ್ದರು. 2015ರ ಫೆಬ್ರವರಿಯಲ್ಲಿ ಅಮೆರಿಕದ ಪತ್ರಿಕೆಯೊಂದು ಅವರ ಬಡತನವನ್ನು ಬರೆದ ಮೇಲೆ ದಾನದ ಹೊಳೆ ಹರಿಯಿತು. ಬರೆಯದೆ ಇದ್ದಿದ್ದರೆ? ಎಲ್ಲ ಪಾಲಕರ ಮನೆಗೂ ಪತ್ರಿಕೆಯವರು ಹೋಗಲಾರರು.

ಇಷ್ಟು ಓದಿದ ವಾಚಕರು, ಹಣವೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬಹುದು. ಹಾಗಲ್ಲ. ಈ ರಿಪೇರಿಯೇ ಒಂದು ವಿಚಿತ್ರವಾದ ರಿಪೇರಿ. ಬೇರೆ ತಂತ್ರಾಂಶ ಕೆಟ್ಟರೆ ಕೆಟ್ಟದ್ದು ಕಾಣುತ್ತದೆ. ಲೆಕ್ಕ ತಪ್ಪುತ್ತದೆ, ಚಿತ್ರ ಮೂಡುವುದಿಲ್ಲ. ಗೂಢಲಿಪಿಯ ತಂತ್ರಾಂಶ ಕೆಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ಬೀಗ ಹಾಕಿದರೆ ಬೀಳುತ್ತದೆ, ಕೀಲಿ ತಿರುಗಿಸಿದರೆ ತೆರೆಯುತ್ತದೆ. ಬೇರೆ ಕೀಲಿಗೂ ತೆರೆಯುತ್ತದೆ ಎಂಬುದು ಮಾತ್ರ ಮನೆಯವರಿಗೆ ತಿಳಿಯದು.

2006ರಲ್ಲಿ ನಡೆದದ್ದನ್ನೇ ನೋಡಿ. ಡೆಬಿಯನ್ ಎಂಬ ಲಿನಕ್ಸ್ ಪಂಗಡದ ಪಾಲಕರೊಬ್ಬರು ಓಪನ್ ಎಸ್‌ಎಸ್‌ಎಲ್ಲನ್ನು ತಮ್ಮವರಿಗಾಗಿ ಒಪ್ಪಮಾಡುತ್ತಿದ್ದರು. ತಪ್ಪು ಹುಡುಕಿಕೊಡುವ ಒಂದು ಉಪಕರಣ ಎರಡು ಸಾಲುಗಳ ಮೇಲೆ ದೂರು ಹೇಳುತ್ತಿತ್ತು: ಏನನ್ನೂ ಬರೆಯದ ಜಾಗವನ್ನು ಇಲ್ಲಿ ಓದಲಾಗುತ್ತಿದೆ ಎಂದು. ಶ್ರದ್ಧೆಯುಳ್ಳ ಮನುಷ್ಯ, ಮೂಲ ತಂಡದವರನ್ನು ಕೇಳಿದರು. ದೋಷ ಹುಡುಕುವುದಕ್ಕೆ ಸಹಾಯವಾಗುವುದಾದರೆ ತೆಗೆದುಹಾಕಬಹುದು ಎಂಬರ್ಥದ ಉತ್ತರ ಬಂತು. ತೆಗೆದರು. ದೂರು ನಿಂತಿತು. ಎಲ್ಲವೂ ಮೊದಲಿಗಿಂತ ಚೊಕ್ಕಟವಾಗಿ ಕಂಡಿತು.

ಆ ಎರಡು ಸಾಲುಗಳಲ್ಲಿ ಒಂದರ ಕೆಲಸವೇನು ಗೊತ್ತೆ? ಕೀಲಿ ಮಾಡುವ ಮುಂಚೆ ಯಂತ್ರ ಕವಡೆ ಎಸೆಯಬೇಕಷ್ಟೆ. ಎಸೆದ ಕವಡೆ ಹೇಗೆ ಬೀಳುವುದೆಂದು ಯಾರೂ ಊಹಿಸಲಾಗದಿದ್ದರೆ ಮಾತ್ರ ಕೀಲಿಯೂ ಊಹೆಗೆ ನಿಲುಕದು. ಆ ಸಾಲು ಕವಡೆಗಳನ್ನು ಯಂತ್ರದ ಕೈಗೆ ಕೊಡುವ ಸಾಲು. ಅದು ಹೋದ ಮೇಲೆ ಯಂತ್ರ ಬರಿಗೈ ಅಲ್ಲಾಡಿಸಿ ಗರ ಬಿತ್ತೆಂದು ಹೇಳತೊಡಗಿತು. ಉಳಿದದ್ದು ಪ್ರತಿಯೊಂದು ಕೆಲಸಕ್ಕೂ ಯಂತ್ರ ಕೊಡುವ ಒಂದು ಸರಣಿಸಂಖ್ಯೆ ಮಾತ್ರ. ಅದು 32,768ಕ್ಕೆ ಮೀರುತ್ತಿರಲಿಲ್ಲ. ಬ್ರಹ್ಮಾಂಡದ ನಕ್ಷತ್ರಗಳಿಗಿಂತ ಹೆಚ್ಚು ಬಗೆಯ ಕೀಲಿಗಳಿರಬೇಕಾದಲ್ಲಿ, ಒಂದೊಂದು ಜಾತಿಯ ಬೀಗಕ್ಕೆ ಅಷ್ಟೇ ಬಗೆ. ಕಳ್ಳನೊಬ್ಬ ಎಲ್ಲ ಕೀಲಿಗಳನ್ನೂ ಒಂದು ಗೊಂಚಲು ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು. ಹೀಗೆ ಸುಮಾರು ಇಪ್ಪತ್ತು ತಿಂಗಳು ನಡೆಯಿತು. ಅರ್ಜೆಂಟೀನದ ಲುಸಿಯಾನೊ ಬೆಲ್ಲೊ ಎಂಬವರು ಕಂಡುಹಿಡಿದು 2008ರ ಮೇ 13ರಂದು ಇದು ಪ್ರಕಟವಾಯಿತು. ತಂತ್ರಾಂಶವನ್ನು ಸರಿಪಡಿಸಿದರೆ ಮುಗಿಯಲಿಲ್ಲ. ಆ ಅವಧಿಯಲ್ಲಿ ಮಾಡಿದ ಕೀಲಿಗಳನ್ನೆಲ್ಲ ಹುಡುಕಿ ಎಸೆಯಬೇಕಾಯಿತು.

ಈ ಪ್ರಸಂಗವನ್ನು ಕೇಳಿ ಆ ಪಾಲಕರನ್ನು ಹಳಿಯುವವರಿದ್ದಾರೆ. ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ಅವರು ಕೇಳಿಯೇ ಮಾಡಿದರು. ಆ ಸಾಲು ಯಾಕಿದೆ ಎಂಬ ಒಂದು ಮಾತನ್ನು ಬರೆದಿಟ್ಟವರು ಪಕ್ಕದಲ್ಲಿ ಟಿಪ್ಪಣಿ ಹಾಕಿದ್ದರೆ ಆಗುತ್ತಿತ್ತು. ಹಳೆಯ ಮನೆಯಲ್ಲಿ ಅಡ್ಡಾದಿಡ್ಡಿಯಾಗಿ ನಿಂತ ಕಂಬವನ್ನು ಅಂದಕ್ಕೆಂದು ತೆಗೆಯುವ ಮುಂಚೆ ಅದರ ಮೇಲೆ ಯಾವ ತೊಲೆ ಕೂತಿದೆ ಎಂದು ನೋಡಬೇಕು. ಆದರೆ ನೋಡಲು ಬೆಳಕೂ ಬೇಕಲ್ಲ!

ಇನ್ನೊಂದು ಸೂಕ್ಷ್ಮವುಂಟು. ‘ಯಾವ ಕೈಯಲ್ಲಿದೆ ಹೇಳು’ ಎಂದು ಮಕ್ಕಳು ಹುಣಿಸೆ ಬೀಜ ಬಚ್ಚಿಟ್ಟು ಆಡುತ್ತಾರೆ. ಸರಿಯಾದ ಕೈಯ ಹತ್ತಿರ ಬಂದಾಗ ಮಗುವಿನ ಮುಖ ಒಂದಿಷ್ಟು ಬದಲಾಗುತ್ತದೆ. ಗುಟ್ಟು ಅಲ್ಲಿಗೇ ಬಯಲು. ಯಂತ್ರಕ್ಕೂ ಮುಖವುಂಟು, ಅದರ ಮುಖವೆಂದರೆ ಅದು ತೆಗೆದುಕೊಳ್ಳುವ ಸಮಯ. ಕೀಲಿಯ ಒಂದು ಅಂಶ ಹೀಗಿದ್ದರೆ ಲೆಕ್ಕ ಬೇಗ ಮುಗಿಯಿತು, ಹಾಗಿದ್ದರೆ ಕೂದಲೆಳೆಯಷ್ಟು ತಡವಾಯಿತು ಎಂದಾದರೆ, ಗಡಿಯಾರ ಹಿಡಿದು ಕುಳಿತವನು ಕೀಲಿಯನ್ನೇ ಕಟ್ಟಿಬಿಡಬಲ್ಲ. 1996ರಲ್ಲಿ ಪಾಲ್ ಕೋಚರ್ ಇದನ್ನು ತೋರಿಸಿಕೊಟ್ಟರು. 2003ರಲ್ಲಿ ಸ್ಟ್ಯಾನ್‌ಫರ್ಡಿನ ಡೇವಿಡ್ ಬ್ರಮ್ಲಿ ಮತ್ತು ಡಾನ್ ಬೊನೆ ಇದೇ ಉಪಾಯದಿಂದ ಜಾಲದ ಮೂಲಕವೇ ಓಪನ್ ಎಸ್‌ಎಸ್‌ಎಲ್‌ನ ಕೀಲಿಯನ್ನು ತೆಗೆದು ತೋರಿಸಿದರು. ಆದ್ದರಿಂದ ಇಲ್ಲಿಯ ಲೆಕ್ಕ ಸರಿಯಾಗಿದ್ದರೆ ಸಾಲದು. ಸರಿಯಾದ ಲೆಕ್ಕವನ್ನೂ ತಪ್ಪು ಲೆಕ್ಕವನ್ನೂ ಒಂದೇ ಹೊತ್ತಿನಲ್ಲಿ, ಮುಖ ಬಿಗಿದುಕೊಂಡು ಮಾಡಬೇಕು. ಈ ಮರ್ಮವರಿಯದ ಉತ್ಸಾಹಿಯೊಬ್ಬ ಬಂದು ‘ಇಲ್ಲಿ ವೃಥಾ ಕಾಲಹರಣವಾಗುತ್ತಿದೆ’ ಎಂದು ವೇಗ ಹೆಚ್ಚಿಸಿದನೋ, ಬೀಗ ಬಾಯಿಬಿಟ್ಟಿತೆಂದೇ ತಿಳಿಯಿರಿ.

ಹೀಗೆ ಒಂದೊಂದು ಸಾಲಿಗೂ ಹತ್ತು ಸಲ ಯೋಚಿಸಬೇಕಾದ ಕೆಲಸ. ದೋಷ ಕಂಡವರು ಅದನ್ನು ಮೊದಲು ಪಾಲಕರಿಗೆ ಗುಟ್ಟಾಗಿ ತಿಳಿಸುವುದು ಸಂಪ್ರದಾಯ. ಪಾಲಕರು ತೇಪೆ ಸಿದ್ಧಪಡಿಸಿ, ಪರೀಕ್ಷೆ ಮಾಡಿ, ದೊಡ್ಡ ಹಂಚಿಕೆದಾರರಿಗೆ ಮುಂಚಿತವಾಗಿ ತಿಳಿಸಿ, ಗೊತ್ತುಮಾಡಿದ ದಿನ ಲೋಕಕ್ಕೆ ಬಿಡುತ್ತಾರೆ. ಈ ನಡುವೆ ಬರುವ ದೂರುಗಳೆಲ್ಲ ನಿಜವೂ ಅಲ್ಲ. ಇತ್ತೀಚೆಗೆ ಕೃತಕ ಬುದ್ಧಿಯ ಯಂತ್ರಗಳಿಂದ ಬರೆಯಿಸಿ ಕಳಿಸುವ ಸುಳ್ಳು ದೂರುಗಳು ಹೆಚ್ಚಿ, ಅವನ್ನು ಓದಿ ತಳ್ಳಿಹಾಕುವುದೇ ಪಾಲಕರಿಗೆ ಒಂದು ಶಿಕ್ಷೆಯಾಗಿದೆ.

ದಣಿದ ಕಾವಲುಗಾರನೇ ಒಂದು ದೋಷವಾಗಬಹುದೆಂದು ತೋರಿಸಿದ್ದು 2024ರ ಪ್ರಸಂಗ. ಎಕ್ಸ್‌ಜೆಡ್ ಎಂಬುದು ಗೂಢಲಿಪಿಯದಲ್ಲ, ಕಡತಗಳನ್ನು ಅಡಕಮಾಡುವ ಒಂದು ಸಾಮಾನ್ಯ ತಂತ್ರಾಂಶ. ಆದರೆ ಅನೇಕ ಯಂತ್ರಗಳಲ್ಲಿ ಅದು ಓಪನ್ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಹೆಬ್ಬಾಗಿಲಿನ ಪಕ್ಕದ ಕೋಣೆಯಲ್ಲಿ ಇರುತ್ತದೆ. ಅದನ್ನು ಫಿನ್ಲೆಂಡಿನ ಲಾಸ್ಸೆ ಕಾಲಿನ್ ಎಂಬವರು ಸಂಬಳವಿಲ್ಲದೆ ಹವ್ಯಾಸವಾಗಿ ನೋಡಿಕೊಂಡಿದ್ದರು. 2022ರಲ್ಲಿ ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲವೆಂದು ಅವರೇ ಹೇಳಿಕೊಂಡರು. ಆಗ ಗುರುತಿಲ್ಲದ ಕೆಲವರು ‘ಕೆಲಸ ನಿಧಾನ, ಇನ್ನೊಬ್ಬರಿಗೆ ಒಪ್ಪಿಸಿ’ ಎಂದು ಕಾಡತೊಡಗಿದರು. ಜಿಯಾ ಟಾನ್ ಎಂಬ ಹೆಸರಿನವನೊಬ್ಬ ಸೌಜನ್ಯದಿಂದ ಕೈಜೋಡಿಸಿ, ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸವನ್ನೇ ಮಾಡಿ ನಂಬಿಕೆ ಗಳಿಸಿದ. ಕೊನೆಗೆ ಆ ಪಕ್ಕದ ಕೋಣೆಯಿಂದ ಹೆಬ್ಬಾಗಿಲಿಗೆ ಒಂದು ಕಳ್ಳದಾರಿ ಕೊರೆದ.

ಆ ಹೆಸರಿನ ಹಿಂದೆ ಇದ್ದವರು ಯಾರೆಂಬುದು ಬೆಳಕಿಗೆ ಬಂದಿಲ್ಲ. ಸಿ‌ಕ್ಕಿಬಿದ್ದದ್ದು ಮಾತ್ರ ಆಕಸ್ಮಿಕ. ಮೈಕ್ರೋಸಾಫ್ಟಿನಲ್ಲಿ ಕೆಲಸಮಾಡುವ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಬೇರೆ ಏನನ್ನೋ ಅಳೆಯುತ್ತಿದ್ದಾಗ, ಬಾಗಿಲು ತೆರೆಯುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅನುಮಾನಪಟ್ಟು ಬೆನ್ನುಹತ್ತಿದರು. 2024ರ ಮಾರ್ಚಿ 29ರಂದು ವಿಷಯವನ್ನು ಹೊರಗೆಡಹಿದರು. ಅಷ್ಟರೊಳಗೆ ಕೆಟ್ಟ ಪ್ರತಿ ಲೋಕದ ಬಹುಪಾಲು ಯಂತ್ರಗಳನ್ನು ತಲುಪಿರಲಿಲ್ಲ. ಅರ್ಧ ಸೆಕೆಂಡು! ನಮ್ಮಲ್ಲಿ ಬಸ್ಸು ಅರ್ಧ ಗಂಟೆ ತಡವಾದರೂ ಯಾರೂ ಕಾರಣ ಕೇಳುವುದಿಲ್ಲ.

ಮನೆಯಲ್ಲಿರುವ ನಮಗೂ ಇದರಲ್ಲಿ ಒಂದು ಪಾಲು ಇದೆ. ತೇಪೆಯನ್ನು ಬಿಡುಗಡೆ ಮಾಡಿದ ದಿನವೇ ತೂತು ಎಲ್ಲಿತ್ತೆಂಬುದು ಕಳ್ಳನಿಗೂ ತಿಳಿಯುತ್ತದೆ, ಏಕೆಂದರೆ ಅವನೂ ಅದನ್ನು ಓದಬಲ್ಲ. ಆ ಬಳಿಕ ತೇಪೆ ಹಾಕಿಸಿಕೊಳ್ಳದವರ ಮನೆಗಳೇ ಅವನ ಗುರಿ. ಫೋನು ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೆ?’ ಎಂದು ಕೇಳಿದಾಗ ನಾವು ಮಾಡುವುದೇನು? ‘ಆಮೇಲೆ’ ಎಂಬುದನ್ನು ಒತ್ತುತ್ತೇವೆ. ದೆವ್ವ ಒಳಗೆ ಬಾರದಿರಲೆಂದು ನಮ್ಮೂರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಪಾಪ, ಆ ದೆವ್ವ ಓದಿಕೊಂಡು ಹಿಂತಿರುಗುತ್ತಿತ್ತಂತೆ. ಈಗ ನಾವು ‘ನಾಳೆ ಬಾ’ ಎನ್ನುತ್ತಿರುವುದು ದೆವ್ವಕ್ಕಲ್ಲ, ಬೀಗ ಸರಿಮಾಡಲು ಬಂದವನಿಗೆ.

ಇನ್ನು ಹಣದ ಮಾತು. ಕೆರೆ ಕಟ್ಟಿಸಿದರೆ ಪುಣ್ಯವೆಂದು ನಮ್ಮ ಪೂರ್ವಿಕರು ನಂಬಿದ್ದರು. ಶಿವಮೊಗ್ಗೆ ಜಿಲ್ಲೆಯ ತಾಳಗುಂದದ ಕಂಬದ ಶಾಸನ ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಆದರೆ ಕಟ್ಟಿಸಿದ ಕೆರೆ ತನ್ನಷ್ಟಕ್ಕೆ ಉಳಿಯುವುದಿಲ್ಲ. ವರ್ಷವರ್ಷವೂ ಹೂಳು ತುಂಬುತ್ತದೆ, ಏರಿ ಕುಸಿಯುತ್ತದೆ, ತೂಬು ಸೋರುತ್ತದೆ. ಇದನ್ನು ಅರಿತಿದ್ದವರು ಕನ್ನಡನಾಡಿನ ಶಾಸನಗಳಲ್ಲಿ ಕೆರೆಯ ಪಾಲನೆಗೆಂದೇ ‘ಕೆರೆಗೊಡಗೆ’ಯಾಗಿ ಭೂಮಿ ಬಿಟ್ಟಿದ್ದನ್ನು ಕೊರೆಯಿಸಿದರು; ಹೂಳು ಸಾಗಿಸುವ ಬಂಡಿಗೂ ದತ್ತಿ ಇಟ್ಟರು. ನೀರು ಬಿಡುವ ನೀರಗಂಟಿಗೆ ಊರಿನ ಬೆಳೆಯಲ್ಲಿ ಪಾಲು ಸಲ್ಲುತ್ತಿತ್ತು. ಮುಕ್ತ ತಂತ್ರಾಂಶದ ಲೋಕಕ್ಕೆ ಕೆರೆ ಕಟ್ಟಿಸುವವರ ಕೊರತೆಯಿಲ್ಲ. ಕೊಡಗೆ ಬಿಡುವವರು ಬೇಕಾಗಿದ್ದಾರೆ.

ಜರ್ಮನಿಯ ಸರ್ಕಾರ 2022ರಲ್ಲಿ ಇದಕ್ಕೆಂದೇ ಒಂದು ನಿಧಿಯನ್ನು ತೆರೆಯಿತು. ನಮ್ಮ ಕಡೆಯಿಂದಲೂ ಒಂದು ಪ್ರಯತ್ನ ನಡೆದಿರುವುದು ಶಿವಮೊಗ್ಗೆಯವರಿಗೆ ಸಂತೋಷದ ವಿಷಯ. ಶಿವಮೊಗ್ಗೆಯಲ್ಲಿ ಹುಟ್ಟಿದ ನಿತಿನ್ ಕಾಮತ್ ಅವರು ಸ್ಥಾಪಿಸಿದ ಬೆಂಗಳೂರಿನ ಜೆರೋಧ ಸಂಸ್ಥೆ, ಷೇರು ವ್ಯಾಪಾರಕ್ಕೆ ಮುಕ್ತ ತಂತ್ರಾಂಶಗಳನ್ನು ಧಾರಾಳವಾಗಿ ಬಳಸಿ ಬೆಳೆದದ್ದು. 2024ರ ಅಕ್ಟೋಬರಿನಲ್ಲಿ ಅದು ‘ಫ್ಲಾಸ್ ಫಂಡ್’ ಎಂಬ ನಿಧಿಯನ್ನು ಘೋಷಿಸಿತು. ವರ್ಷಕ್ಕೆ 10 ಲಕ್ಷ ಡಾಲರು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಎಂಟು ಕೋಟಿ ನಲವತ್ತು ಲಕ್ಷ ರೂಪಾಯಿ. ಲೋಕದ ಯಾವ ಮೂಲೆಯ ಮುಕ್ತ ತಂತ್ರಾಂಶದವರಾದರೂ ಕೇಳಬಹುದು; ಒಬ್ಬೊಬ್ಬರಿಗೆ 10 ಸಾವಿರದಿಂದ ಒಂದು ಲಕ್ಷ ಡಾಲರಿನವರೆಗೆ. ಕೇಳುವವರು ತಮ್ಮ ಅಗತ್ಯವನ್ನು ಎಲ್ಲರೂ ಓದಬಹುದಾದ ಒಂದು ಕಡತದಲ್ಲಿ ಬರೆದಿಡಬೇಕೆಂಬ ನಿಬಂಧನೆ ನನಗೆ ಬಹಳ ಹಿಡಿಸಿತು. ದತ್ತಿಯನ್ನು ಕಲ್ಲಿನಲ್ಲಿ ಕೊರೆಯಿಸಿ ಊರ ಮುಂದೆ ನಿಲ್ಲಿಸುತ್ತಿದ್ದವರ ರೀತಿಯೂ ಅದೇ. ಈ ಮೊತ್ತ ಲೋಕದ ಅಗತ್ಯದ ಮುಂದೆ ಸಾಸುವೆಯಷ್ಟು, ನಿಜ. ಇದೇ ಬೀಗಗಳನ್ನು ನೆಚ್ಚಿ ಪ್ರತಿದಿನ ಲೆಕ್ಕವಿಲ್ಲದಷ್ಟು ಹಣ ದಾಟಿಸುವ ನಮ್ಮ ಬ್ಯಾಂಕುಗಳೂ ಸರ್ಕಾರದ ಇಲಾಖೆಗಳೂ ಇನ್ನಷ್ಟು ಸಾಸುವೆ ಸೇರಿಸಬಾರದೆಂದೇನೂ ಇಲ್ಲ.

ಹಣದಷ್ಟೇ ಕೈಗಳೂ ಬೇಕು. ಗೂಢಲಿಪಿಯ ಕೆಲಸ ಮತ್ತೆ ಹೊಸದಾಗುತ್ತಿರುವ ಕಾಲ ಇದು. ಮುಂದೆ ಬರಬಹುದಾದ ಕ್ವಾಂಟಮ್ ಗಣಕಗಳು ಈಗಿನ ಕೆಲವು ಬೀಗಗಳನ್ನು ಒಡೆಯಬಲ್ಲವೆಂದು ತಿಳಿದು, ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟಿನಲ್ಲಿ ಹೊಸ ಬಗೆಯ ಬೀಗಗಳನ್ನು ಗೊತ್ತುಮಾಡಿತು. 2025ರ ಏಪ್ರಿಲಿನಲ್ಲಿ ಓಪನ್ ಎಸ್‌ಎಸ್‌ಎಲ್ ಅವನ್ನು ತನ್ನೊಳಗೆ ಸೇರಿಸಿಕೊಂಡಿತು. ಹೊಸ ಎರಕ ಎಂದ ಮೇಲೆ ಹೊಸ ಗಾಳಿಗುಳ್ಳೆಗಳೂ ಇರಲೇಬೇಕು.

ರಾಯರ ಮೊಮ್ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಈ ಮಾತುಗಳನ್ನೆಲ್ಲ ಪಡಸಾಲೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, “ಅಜ್ಜ, ನಾನೇ ಒಂದು ಹೊಸ ಗೂಢಲಿಪಿ ಬರೆದುಬಿಡುತ್ತೇನೆ” ಎಂದಳು. ಅಜ್ಜ ಕನ್ನಡಕ ಏರಿಸಿ, “ಮೊದಲು ಇದ್ದದ್ದನ್ನು ಗುಡಿಸು ಮಗಳೇ, ಆಮೇಲೆ ಕಟ್ಟುವೆಯಂತೆ” ಎಂದರು. ಕೆಲವು ತಿಂಗಳ ಮೇಲೆ ಅವಳೇ ನನಗೆ ಫೋನು ಮಾಡಿ, ತಾನು ಕಳಿಸಿದ ಮೊದಲ ತಿದ್ದುಪಡಿಯನ್ನು ಅಂಥ ಒಂದು ತಂತ್ರಾಂಶದವರು ಸ್ವೀಕರಿಸಿದರೆಂದು ತಿಳಿಸಿದಳು. ಬಳಕೆಯ ವಿವರಣೆಯಲ್ಲಿ ‘ಮಾಡಬಹುದು’ ಎಂದಿದ್ದ ಕಡೆ ‘ಮಾಡಲೇಬೇಕು’ ಎಂದಿರಬೇಕಾಗಿತ್ತಂತೆ. ಒಂದೇ ಪದ. ಅದನ್ನು ಎರಡು ಬೇರೆ ಬೇರೆ ದೇಶಗಳ ಇಬ್ಬರು ಓದಿ, ಕಾರಣ ಕೇಳಿ, ನಾಲ್ಕು ದಿನದ ಮೇಲೆ ಒಪ್ಪಿದರಂತೆ.